ಸೇಫ್ಟಿ ಜಾಕೆಟ್ಟಿನ ಮೇಲೆ ಎಷ್ಟು ಬರೆಯಬಹುದು?

ನೂರಾರು ಜನ ಕೆಲಸಕ್ಕೆ ಇಳಿಯುವ ಕಡೆ ಸೇಫ್ಟಿ ಜಾಕೆಟ್ ಆರ್ಡರ್ ಮಾಡುವುದು ಸಾಮಾನ್ಯವಾಗಿ ಹೀಗೆ. ಒಂದು ಸ್ಯಾಂಪಲ್ ಬರುತ್ತದೆ. ಆಫೀಸಿನ ಟ್ಯೂಬ್‌ಲೈಟ್ ಕೆಳಗೆ ಎತ್ತಿ ಹಿಡಿದು ನೋಡುತ್ತಾರೆ. ಬಣ್ಣ ಕಣ್ಣು ಕುಕ್ಕುತ್ತಿದೆ, ಸರಿ, ಪಾಸ್. ಉಳಿದ ಚರ್ಚೆಯೆಲ್ಲ ಲೋಗೋ ಎಷ್ಟು ದೊಡ್ಡದಿರಬೇಕು, ಹೆಸರು ಎದೆಗೋ ಬೆನ್ನಿಗೋ ಎಂಬುದರ ಮೇಲೆ. ಅಷ್ಟಗಲದ ಬೆನ್ನು ಸುಮ್ನೆ ಖಾಲಿ ಬಿದ್ದಿದೆಯಲ್ಲ, ಏನಾದರೂ ಬರೆಯೋಣ ಅನ್ನಿಸುವುದು ಸಹಜ.

ಆದರೆ ಆ ಬೆನ್ನು ಖಾಲಿ ಬಿದ್ದಿಲ್ಲ. ಹಗಲಿಡೀ ಅದು ದುಡಿಯುತ್ತಿರುತ್ತದೆ.

ಮಾಮೂಲಿ ಹಳದಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಳದಿ ಭಾಗವನ್ನು ವಾಪಸ್ ಕಳಿಸಿ, ಮಿಕ್ಕಿದ್ದನ್ನು ನುಂಗಿ ಬಿಸಿಯಾಗುತ್ತದೆ. ಸೇಫ್ಟಿ ಜಾಕೆಟ್ಟಿನ ಪ್ರತಿದೀಪಕ (ಫ್ಲೋರೆಸೆಂಟ್) ಬಣ್ಣ ಹಾಗಲ್ಲ. ಅದು ನೇರಳಾತೀತ ಮತ್ತು ನೀಲಿ ಬೆಳಕನ್ನು ನುಂಗಿ, ಅದನ್ನೇ ಹಳದಿ-ಹಸಿರಾಗಿ ಉಗುಳುತ್ತದೆ. ನಮ್ಮ ಕಣ್ಣಿನ ಪೇಟೆಯಲ್ಲಿ ನಡೆಯದ ನೋಟನ್ನು ತೆಗೆದುಕೊಂಡು, ಸ್ವಲ್ಪ ಕಮಿಷನ್ ಹಿಡಿದು, ನಡೆಯುವ ನಾಣ್ಯ ಕೊಟ್ಟ ಹಾಗೆ. ಕಮಿಷನ್ ಶಾಖವಾಗಿ ಹೋಗುತ್ತದೆ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಹಳದಿ-ಹಸಿರಿಗೆ. ಬಣ್ಣದ ಆಯ್ಕೆಯ ಗುಟ್ಟು ಇಲ್ಲಿದೆ. ಮೋಡ ಕವಿದಾಗ, ಮುಂಜಾನೆ, ಮುಸ್ಸಂಜೆಯಲ್ಲಿ ಈ ಜಾಕೆಟ್ ತಾನೇ ಉರಿಯುತ್ತಿರುವಂತೆ ಕಾಣುವುದೂ ಇದರಿಂದಲೇ. ಆಗ ಸುತ್ತಲಿನ ಬೆಳಕಿನಲ್ಲಿ ನೀಲಿಯ ಪಾಲು ಜಾಸ್ತಿ.

ಈ ವಿದ್ಯೆಯ ನಿಯಮ ಹಿಡಿದದ್ದು ಬ್ರಿಟನ್ನಿನ ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, 1852ರಲ್ಲಿ. ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಒಡೆದು, ಕ್ವಿನೈನ್ ದ್ರಾವಣದ ನಳಿಗೆಯನ್ನು ಒಂದೊಂದೇ ಬಣ್ಣದಲ್ಲಿ ಸರಿಸುತ್ತಾ ಹೋದರು. ನೇರಳೆ ಮುಗಿದು, ಕಣ್ಣಿಗೆ ಏನೂ ಕಾಣದ ಜಾಗಕ್ಕೆ ಬಂದಾಗ ನಳಿಗೆ ನೀಲಿಯಾಗಿ ಹೊಳೆಯಿತು! ಇದನ್ನು ಬಣ್ಣದ ಡಬ್ಬಿಗೆ ತಂದವರು ಅಮೆರಿಕದ ರಾಬರ್ಟ್ ಮತ್ತು ಜೋಸೆಫ್ ಸ್ವಿಟ್ಜರ್ ಎಂಬ ಅಣ್ಣತಮ್ಮಂದಿರು. 1930ರ ದಶಕದಲ್ಲಿ ಕೆಲಸದ ಜಾಗದ ಅಪಘಾತದಲ್ಲಿ ರಾಬರ್ಟ್ ತಲೆಗೆ ಪೆಟ್ಟು ಬಿದ್ದು ಕತ್ತಲ ಕೋಣೆಯಲ್ಲಿ ದಿನ ದೂಡಬೇಕಾಯಿತು. ಆ ಕಾಲದಲ್ಲೇ ಅವರಿಗೆ ನೇರಳಾತೀತ ದೀಪದ ಹುಚ್ಚು ಹತ್ತಿತು. ಅಪ್ಪನ ಔಷಧಿ ಅಂಗಡಿಯ ಸೀಸೆಗಳ ಮೇಲೆಲ್ಲ ದೀಪ ಬಿಟ್ಟು, ಹೊಳೆಯುವ ರಾಸಾಯನಿಕಗಳನ್ನು ಹುಡುಕಿದರು. ಮೊದಲು ಬಳಸಿದ್ದು ಜೋಸೆಫ್‌ನ ಇಂದ್ರಜಾಲಕ್ಕೆ. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಬಣ್ಣಗಳು ಸೈನ್ಯದ ಸಂಕೇತ ಬಟ್ಟೆಗಳಿಗೆ ಬಂದಿದ್ದವು. ಕೆಲಸಗಾರರ ಮೈಮೇಲೆ ಏರಿದ್ದು ಇನ್ನೂ ತಡವಾಗಿ. 1964ರಲ್ಲಿ ಬ್ರಿಟಿಷ್ ರೈಲ್ವೆ, ಗ್ಲಾಸ್ಗೋ ಹತ್ತಿರ ಹಳಿ ಕೆಲಸದವರಿಗೆ ಕಿತ್ತಳೆ ಜಾಕೆಟ್ ತೊಡಿಸಿ ನೋಡಿತು.

ಈಗ ಲೋಗೋಗೆ ಬರೋಣ. ಲೋಗೋದ ಶಾಯಿ ಪ್ರತಿದೀಪಕ ಅಲ್ಲ. ಅದು ಬಿದ್ದಷ್ಟು ಜಾಗದಲ್ಲಿ ನಾಣ್ಯ ಬದಲಿಸುವ ವ್ಯಾಪಾರ ಬಂದ್. ಐಎಸ್‌ಒ 20471 ಎಂಬ ಅಂತರರಾಷ್ಟ್ರೀಯ ಮಾನಕ ಇದಕ್ಕೆ ಲೆಕ್ಕ ಕೊಟ್ಟಿದೆ. ಉಡುಪು ಎಷ್ಟು ಎದ್ದು ಕಾಣುತ್ತದೆ ಎಂಬುದರ ಮೇಲೆ ಅದಕ್ಕೆ ದರ್ಜೆ, ಮೂರನೆಯದು ಎಲ್ಲಕ್ಕಿಂತ ಮೇಲಿನದು. ಎರಡನೇ ದರ್ಜೆಯ ಉಡುಪಿಗೆ ಕನಿಷ್ಠ 0.50 ಚದರ ಮೀಟರ್ ಪ್ರತಿದೀಪಕ ಬಟ್ಟೆ, 0.13 ಚದರ ಮೀಟರ್ ಪ್ರತಿಫಲಕ ಪಟ್ಟಿ ಬೇಕು. ಮೂರನೇ ದರ್ಜೆಗೆ 0.80 ಮತ್ತು 0.20. ಜೊತೆಗೆ ಮೂರನೇ ದರ್ಜೆಗೆ ತೋಳು ಇಲ್ಲವೇ ಪೂರ್ತಿ ಕಾಲು ಮುಚ್ಚಿರಬೇಕು, ಹಾಗಾಗಿ ತೋಳಿಲ್ಲದ ಜಾಕೆಟ್ ಒಂದೇ ಆ ದರ್ಜೆ ಮುಟ್ಟುವುದಿಲ್ಲ, ಯಾರು ಏನೇ ಹೇಳಲಿ.

ಒಂದು ಜಾಕೆಟ್ಟಿನಲ್ಲಿ 0.54 ಚದರ ಮೀಟರ್ ಬಟ್ಟೆ ಇದೆ ಅಂದುಕೊಳ್ಳಿ. ಬೆನ್ನಿಗೆ 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಲೋಗೋ ಹಾಕಿದರೆ 0.06 ಹೋಯಿತು. ಎದೆಗೆ 10 ಸೆಂಟಿಮೀಟರಿನ ಒಂದು ಚೌಕ, ಇನ್ನೊಂದು 0.01. ಉಳಿದದ್ದು 0.47. ಬಟ್ಟೆ ಅದೇ, ಬಣ್ಣ ಅದೇ, ದರ್ಜೆ ಮಾತ್ರ ಕೈಬಿಟ್ಟು ಹೋಯಿತು. ಎಲ್ಲ ಸೈಜಿಗೂ ಒಂದೇ ಅಳತೆಯ ಲೋಗೋ ಒತ್ತಿಸಿದಾಗ ಎಕ್ಸ್‌ಎಲ್ ಪಾಸಾಗುತ್ತದೆ, ಸ್ಮಾಲ್ ಫೇಲಾಗುತ್ತದೆ. ಅಂದರೆ ಸಣ್ಣ ಮೈಕಟ್ಟಿನವರೇ ಕಡಿಮೆ ಕಾಣುತ್ತಾರೆ. ಆದ್ದರಿಂದ ಆರ್ಡರಿನಲ್ಲಿರುವ ಅತಿ ಚಿಕ್ಕ ಸೈಜನ್ನು ಹಿಡಿದು ಲೋಗೋದ ಅಳತೆ ತೀರ್ಮಾನಿಸಬೇಕು. ಬರೀ ಅಕ್ಷರವಾದರೆ ಶಾಯಿ ಬಿದ್ದಷ್ಟೇ ನಷ್ಟ. ಅಕ್ಷರದ ಹಿಂದೆ ಬಿಳಿ ಚೌಕ ಬೇಕು ಅನ್ನುವವರು ಇಡೀ ಚೌಕವನ್ನೇ ಕಳೆದುಕೊಳ್ಳುತ್ತಾರೆ.

ಅಷ್ಟಕ್ಕೂ ಆ ಅಕ್ಷರ ಯಾರಿಗೆ? ಒಳ್ಳೆಯ ಕಣ್ಣಿಗೆ ಒಂದು ಅಕ್ಷರ ತಿಳಿಯಲು ಅದು ಕನಿಷ್ಠ 5 ಕೋನ-ನಿಮಿಷದಷ್ಟು ಎತ್ತರ ಕಾಣಬೇಕು. ಒಂದು ಡಿಗ್ರಿಯಲ್ಲಿ ಇಂಥ ನಿಮಿಷ 60. ಆ ಲೆಕ್ಕದಲ್ಲಿ 5 ಸೆಂಟಿಮೀಟರ್ ಅಕ್ಷರವನ್ನು ಹೆಚ್ಚೆಂದರೆ ಸುಮಾರು 34 ಮೀಟರ್ ದೂರದಿಂದ ಓದಬಹುದು. ಒತ್ತಕ್ಷರ ಇದ್ದರೆ ಇನ್ನೂ ಹತ್ತಿರ ಬರಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಆ 34 ಮೀಟರನ್ನು ಎರಡು ಸೆಕೆಂಡಿನಲ್ಲಿ ದಾಟುತ್ತದೆ. ಡ್ರೈವರಿಗೆ ಹೆಸರು ಓದಿ ಆಗಬೇಕಾದ್ದು ಏನೂ ಇಲ್ಲ. ಹೆಸರು ಬೇಕಿರುವುದು ಜೊತೆ ಕೆಲಸದವರಿಗೆ, ಮಾತಾಡುವಷ್ಟು ದೂರದಲ್ಲಿ. ಅದಕ್ಕೆ ಎದೆಯ ಮೇಲೆ ಎರಡು ಸೆಂಟಿಮೀಟರ್ ಅಕ್ಷರ ಧಾರಾಳ ಸಾಕು. ಬೆನ್ನು ತುಂಬ ಕಂಪನಿ ಹೆಸರು ಹಾಕುವುದು ಜಾಹೀರಾತು, ಅದನ್ನು ಸುರಕ್ಷತೆಯ ಖಾತೆಗೆ ಬರೆಯಬೇಡಿ.

ರಾತ್ರಿ ಈ ಕಥೆ ಪೂರ್ತಿ ಬದಲಾಗುತ್ತದೆ. ಪ್ರತಿದೀಪಕ ಬಟ್ಟೆ ಬೆಳಕನ್ನು ಕೂಡಿಟ್ಟು ಕತ್ತಲಲ್ಲಿ ಖರ್ಚು ಮಾಡುತ್ತದೆ ಎಂದು ನಂಬಿದವರು ಬೇಕಾದಷ್ಟು ಜನ. ಇಲ್ಲ, ಅದು ಏನನ್ನೂ ಕೂಡಿಡುವುದಿಲ್ಲ. ಹಳದಿ ಸೋಡಿಯಂ ದೀಪದ ಕೆಳಗಂತೂ ಹಳದಿ ಜಾಕೆಟ್ ಮಾಮೂಲಿ ಬಟ್ಟೆಯೇ. ಅದಕ್ಕೆ ಬೇಕಾದ ನೀಲಿ ಆ ದೀಪದಲ್ಲಿ ಹೆಚ್ಚುಕಡಿಮೆ ಇಲ್ಲ. ರಾತ್ರಿ ಕಾಪಾಡುವುದು, ರೇಡಿಯಂ ಅಂತ ಕರೆಸಿಕೊಳ್ಳುವ ಆ ಬೂದು ಪ್ರತಿಫಲಕ ಪಟ್ಟಿ. ಅದರಲ್ಲಿ ರೇಡಿಯಮ್ಮೂ ಇಲ್ಲ, ಸ್ವಂತ ಬೆಳಕೂ ಇಲ್ಲ.

ಪಟ್ಟಿಯ ಗುಟ್ಟು ತಿಳಿಯಬೇಕಾದರೆ ಇಬ್ಬನಿ ಬಿದ್ದ ಹುಲ್ಲಿಗೆ ಹೋಗಬೇಕು. 16ನೇ ಶತಮಾನದ ಇಟಲಿಯಲ್ಲಿ ಬೆನ್ವೆನುಟೊ ಚೆಲ್ಲೀನಿ ಎಂಬ ಅಕ್ಕಸಾಲಿಗ ಇದ್ದ. ಶಿಲ್ಪಿಯೂ ಹೌದು, ಜಗಳಗಂಟನೂ ಹೌದು. ಬೆಳಿಗ್ಗೆ ಒದ್ದೆ ಹುಲ್ಲಿನ ಮೇಲೆ ಬಿದ್ದ ತನ್ನ ನೆರಳಿನ ತಲೆಯ ಸುತ್ತ ಪ್ರಭೆ ಕಂಡು, ಇದು ದೇವರು ತನಗೆ ಕೊಟ್ಟ ವಿಶೇಷ ಅನುಗ್ರಹ ಎಂದೇ ಆತ್ಮಕಥೆಯಲ್ಲಿ ಬರೆದುಕೊಂಡ. ಪಕ್ಕದಲ್ಲಿ ನಿಂತವನ ತಲೆಗೆ ಆ ಪ್ರಭೆ ಅವನಿಗೆ ಕಾಣಲಿಲ್ಲ, ನಿಜ. ಆದರೆ ಪಕ್ಕದವನಿಗೂ ಅವನವನ ತಲೆಯ ಸುತ್ತ ಮಾತ್ರ ಅದು ಕಾಣುತ್ತಿತ್ತು! ಇಬ್ಬನಿ ಹನಿ ಒಂದು ಮಸೂರ. ಸೂರ್ಯನ ಬೆಳಕನ್ನು ಹಿಂದಿನ ಎಲೆಯ ಮೇಲೆ ಚುಕ್ಕೆಯಾಗಿಸುತ್ತದೆ. ಆ ಚುಕ್ಕೆಯ ಬೆಳಕು ಅದೇ ಹನಿಯ ಮೂಲಕ ಬಂದ ದಾರಿಗೇ ವಾಪಸ್ ಹೋಗುತ್ತದೆ. ಸೂರ್ಯನಿಗೂ ಹುಲ್ಲಿಗೂ ನಡುವಿನ ಗೆರೆಯಲ್ಲಿ ಯಾರ ತಲೆ ಇದೆಯೋ ಅವರಿಗೇ ಆ ಬೆಳಕು.

ಜಾಕೆಟ್ಟಿನ ಪಟ್ಟಿಯಲ್ಲಿ ಹನಿಯ ಬದಲು ಗಾಜಿನ ಮಣಿಗಳಿವೆ. ಒಂದು ಮಣಿ 50 ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ) ದಪ್ಪ ಎಂದರೆ, ಒತ್ತಾಗಿ ಜೋಡಿಸಿದಾಗ ಒಂದು ಚದರ ಸೆಂಟಿಮೀಟರಿಗೆ ಸುಮಾರು 40,000. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ, 1.33 ಆದ್ದರಿಂದ ಬೆಳಕು ಹನಿಯ ಆಚೆ, ಸ್ವಲ್ಪ ದೂರದಲ್ಲಿ ಕೂಡುತ್ತದೆ. ಮಣಿಯ ಗಾಜಿಗೆ ಅದು 1.9ರ ಸುಮಾರು ಇರುವಂತೆ ಮಾಡುತ್ತಾರೆ. ಆಗ ಬೆಳಕು ಸರಿಯಾಗಿ ಮಣಿಯ ಬೆನ್ನಿಗೇ ಬಂದು ಕೂಡುತ್ತದೆ. ಅಲ್ಲಿ ಅಲ್ಯೂಮಿನಿಯಂ ಲೇಪನ ಕಾಯುತ್ತಿರುತ್ತದೆ.

ನನಗೆ ಅತಿ ಇಷ್ಟದ ವಿಷಯ ಇನ್ನು ಮುಂದಿದೆ. ಮಣಿ ತೀರಾ ಪರಿಪೂರ್ಣವಾಗಿದ್ದರೆ ಬೆಳಕೆಲ್ಲ ಹೆಡ್‌ಲೈಟಿಗೇ ವಾಪಸ್ ಹೋಗಿ, ಡ್ರೈವರಿಗೆ ಕತ್ತಲೇ ಗತಿ. ಮಣಿಯಲ್ಲಿ ಸಣ್ಣ ಐಬು ಇದೆ, ಬೆಳಕು ಒಂಚೂರು ಹರಡುತ್ತದೆ, ಅದಕ್ಕೇ ಕಣ್ಣಿಗೆ ಸಿಗುತ್ತದೆ. ಕಾರಿನ ಹೆಡ್‌ಲೈಟಿಗಿಂತ ಡ್ರೈವರ್ ಕಣ್ಣು 60 ಸೆಂಟಿಮೀಟರ್ ಮೇಲಿದ್ದರೆ, 170 ಮೀಟರ್ ದೂರದಿಂದ ಆ ಅಂತರ ಸುಮಾರು 12 ಕೋನ-ನಿಮಿಷ. ಮಾನಕದ ಮುಖ್ಯ ಅಳತೆಗಳಲ್ಲಿ ಒಂದು ಇದೇ ಕೋನದಲ್ಲಿ. ಲಾರಿ ಡ್ರೈವರ್ ಇನ್ನೂ ಎತ್ತರದಲ್ಲಿ ಕೂರುತ್ತಾನೆ. ಅದೇ ದೂರದಲ್ಲಿ ಅದೇ ಪಟ್ಟಿ ಅವನಿಗೆ ಮಂಕಾಗಿ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೆ ಸ್ಯಾಂಪಲ್ ನೋಡಿದವನಿಗೆ ಇದ್ಯಾವುದೂ ತಿಳಿಯುವುದಿಲ್ಲ, ಅಲ್ವಾ? ಬೆಳಕು ಹೋಗುವುದು ಟ್ಯೂಬ್‌ಲೈಟ್ ಕಡೆಗೆ, ಅವನ ಕಡೆಗಲ್ಲ. ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು, ಕತ್ತಲಲ್ಲಿ, ಇಪ್ಪತ್ತು ಮೂವತ್ತು ಹೆಜ್ಜೆ ದೂರದಿಂದ ನೋಡಬೇಕು. ಬರೀ ಬೂದು ಬಟ್ಟೆ ಹೊಲಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಆ ಪಟ್ಟಿಗೆ ಒಂದು ಬಕೆಟ್ ನೀರು ಹೊಯ್ದು ಮತ್ತೆ ನೋಡಿ. ತೆರೆದ ಮಣಿಯ ಮೇಲೆ ನೀರಿನ ಪದರ ಕೂತರೆ, ಬೆಳಕು ಬಾಗುವುದು ಗಾಳಿಯಿಂದ ಗಾಜಿಗಲ್ಲ, ನೀರಿನಿಂದ ಗಾಜಿಗೆ. 1.9ನ್ನು 1.33ರಿಂದ ಭಾಗಿಸಿದರೆ 1.43. ಗಾಜಿನ ಮಣಿ ಇಬ್ಬನಿ ಹನಿಯ ಮಟ್ಟಕ್ಕೆ ಇಳಿಯಿತು! ಬೆಳಕು ಈಗ ಬೆನ್ನಿನಾಚೆ ಕೂಡಬೇಕು, ಕನ್ನಡಿ ಮಾತ್ರ ಬೆನ್ನಿಗೇ ಅಂಟಿಕೊಂಡಿದೆ. ಪಟ್ಟಿ ಮಂಕಾಗುತ್ತದೆ. ಮಾನಕದಲ್ಲಿ ಮಳೆಯ ಪರೀಕ್ಷೆ ಸೇರಿಸಿರುವುದು ಇದಕ್ಕೇ. ಮಳೆಗಾಲದ ಕೆಲಸವಾದರೆ ಆ ಪರೀಕ್ಷೆಯ ವರದಿ ಕೇಳಿ ಪಡೆಯಿರಿ.

ನೀರಿನ ಪದರವೇ ಇಷ್ಟು ಮಾಡುವಾಗ ಶಾಯಿ ಏನು ಮಾಡಬಹುದು ಊಹಿಸಿ. ಪಟ್ಟಿಯ ಮೇಲೆ ಹೆಸರು ಒತ್ತಲೇಬಾರದು. ಲೋಗೋ ಅಂಟಿಸುವ ಹೀಟ್ ಪ್ರೆಸ್ಸಿನ ತಟ್ಟೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಅದು ಪಟ್ಟಿಯ ಅಂಚಿಗೆ ತಾಗಿದರೂ ಮಣಿ ಹಿಡಿದ ಅಂಟು ಕೆಡಬಹುದು. ಲೋಗೋಗೂ ಪಟ್ಟಿಗೂ ನಡುವೆ ಎರಡು ಬೆರಳು ಜಾಗ ಬಿಡಲು ಹೇಳಿ.

ಲೋಗೋದಲ್ಲಿ ಉಳಿಸಿದ ದುಡ್ಡಿಗೆ ಒಳ್ಳೆಯ ಜಾಗ ಇದೆ, ಕಾಲಿಗೆ ಕಟ್ಟುವ ಪಟ್ಟಿ. 1973ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ ಕತ್ತಲಲ್ಲಿ ಒಬ್ಬರ ಕೀಲುಗಳಿಗೆ ಮಾತ್ರ ಬೆಳಕಿನ ಚುಕ್ಕೆ ಕೊಟ್ಟು ತೋರಿಸಿದರು. ನಿಂತಾಗ ಅದು ಬರೀ ಚುಕ್ಕೆಗಳ ರಾಶಿ. ನಡೆದ ತಕ್ಷಣ, ಮನುಷ್ಯ! ಎದೆಯ ಮೇಲಿನ ಪಟ್ಟಿ ಮಾತ್ರ ಹೊಳೆದರೆ ಅದನ್ನು ರಸ್ತೆ ಬದಿಯ ಕಂಬ ಎಂದೂ ಡ್ರೈವರ್ ತಿಳಿಯಬಹುದು. ಕಾಲು ಆಡುವುದು ಕಂಡರೆ ಆ ಗೊಂದಲವಿಲ್ಲ.

ಹಾಗಾದರೆ ಹೆಸರು ಬರೆಸುವುದು ದಂಡವೇ? ಅಲ್ಲ. ಪ್ರತಿದೀಪಕ ಬಣ್ಣ ಬಿಸಿಲಿಗೆ ಸಾಯುತ್ತದೆ. ಯಾವ ನೇರಳಾತೀತದಿಂದ ಅದು ಹೊಳೆಯುತ್ತದೋ ಅದೇ ಅದರ ಅಣುಗಳನ್ನು ಒಡೆಯುತ್ತದೆ. ಒಗೆತಕ್ಕೆ ಮಣಿಗಳು ಉದುರುತ್ತವೆ. ಎಷ್ಟು ಒಗೆತ ತಾಳುತ್ತದೆ ಎಂದು ಸಾಮಾನ್ಯವಾಗಿ ಒಳಗಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ, ಆದರೆ ರಾಶಿಯಲ್ಲಿ ಸಿಕ್ಕ ಜಾಕೆಟ್ ಎತ್ತಿ ಹಾಕಿಕೊಳ್ಳುವ ಕಡೆ ಅದನ್ನು ಎಣಿಸುವವರು ಯಾರು? ಒಬ್ಬರಿಗೆ ಒಂದೇ ಜಾಕೆಟ್, ಎದೆಯ ಮೇಲೆ ಅವರ ಹೆಸರು, ಕೊರಳ ಒಳಪಟ್ಟಿಯಲ್ಲಿ ಕೊಟ್ಟ ತಿಂಗಳು ಮತ್ತು ವರ್ಷ. ಇಷ್ಟಿದ್ದರೆ ಯಾವುದನ್ನು ಯಾವಾಗ ಎಸೆಯಬೇಕು ಎಂದು ಸ್ಟೋರಿನವರಿಗೆ ಗೊತ್ತಾಗುತ್ತದೆ. ಜನ ಬದಲಾಗುತ್ತಲೇ ಇರುವ ಕೆಲಸವಾದರೆ ಹೆಸರನ್ನು ಒತ್ತಿಸದೆ ವೆಲ್ಕ್ರೋ ಚೀಟಿಯಲ್ಲಿ ಹಾಕಿಸಿ, ಬಟ್ಟೆಯ ಮೇಲೆ ಬರೀ ನಂಬರ್ ಇರಲಿ.