ಧನ ದನವಾಗದಂತೆ ಬೋರ್ಡು ಬರೆಸುವುದು

ಮಂಡ್ಯದ ಹತ್ತಿರ ರಸ್ತೆ ಬದಿಯ ಬೆಲ್ಲದಂಗಡಿಗೊಂದು ಬೋರ್ಡು ಬರೆಸಬೇಕು ಅಂದುಕೊಳ್ಳಿ. ಅಚ್ಚುಬೆಲ್ಲ, ಉಂಡೆಬೆಲ್ಲ, ಮಾಲೀಕರ ಹೆಸರು, ಎರಡು ಫೋನ್ ನಂಬರು, ಕಬ್ಬಿನ ಚಿತ್ರ ಎಲ್ಲವೂ ಬೇಕೆನಿಸುತ್ತದೆ. ಆದರೆ ಗಂಟೆಗೆ 60 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ. 50 ಮೀಟರ್ ದೂರದಿಂದ ಬೋರ್ಡು ಕಂಡರೂ ಸಿಗುವುದು 3 ಸೆಕೆಂಡು, ಅದರಲ್ಲಿ ಹೆಚ್ಚಿನ ಪಾಲು ರಸ್ತೆಗೆ ಸಲ್ಲಬೇಕು. ಓದುವಾಗ ಕಣ್ಣು ಜಿಗಿದು ಜಿಗಿದು ನಿಲ್ಲುತ್ತದೆ, ಒಂದೊಂದು ನಿಲುಗಡೆಗೆ ಹೆಚ್ಚುಕಡಿಮೆ ಕಾಲು ಸೆಕೆಂಡು. ತೀರಾ ಸ್ಪಷ್ಟವಾಗಿ ಕಾಣುವುದು ನೋಟದ ನಟ್ಟನಡುವಿನ ಸುಮಾರು 2 ಡಿಗ್ರಿ ಮಾತ್ರ; ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟು. ಬೋರ್ಡಿಗೆ ದಕ್ಕುವುದು ಮೂರೋ ನಾಲ್ಕೋ ನೋಟ.

10 ಅಡಿ ದೂರಕ್ಕೆ 1 ಅಂಗುಲ ಎತ್ತರದ ಅಕ್ಷರ ಎಂಬುದು ಬೋರ್ಡಿನ ರೂಢಿಯ ಲೆಕ್ಕ. 50 ಮೀಟರಿಗೆ 16 ಅಂಗುಲವಾಯಿತು. ಕನ್ನಡದಲ್ಲಿ ಒತ್ತಕ್ಷರ ಇಳಿಯಲು ಸಾಲಿನ ಕೆಳಗೆ ಇನ್ನೊಂದು 8 ಅಂಗುಲ ಬಿಡಬೇಕು. 4 ಅಡಿ ಎತ್ತರದ ಬೋರ್ಡು ಎರಡೇ ಸಾಲಿಗೆ ಭರ್ತಿ: ‘ಅಚ್ಚುಬೆಲ್ಲ’, ‘ಎಡಕ್ಕೆ ಬನ್ನಿ’. ಫೋನ್ ನಂಬರನ್ನು ಅಂಗಡಿಯೊಳಗೆ ಬರೆಸಿ.

ಬಿಟ್ಟದ್ದನ್ನು ಮಿದುಳು ತುಂಬಿಕೊಳ್ಳುತ್ತದೆ. ಮೈಸೂರಿನ ಮನೆಯಂಗಳದಲ್ಲಿ 1, 3, 5, 3, 1 ಎಂದು ಚುಕ್ಕಿ ಇಟ್ಟೊಡನೆ, ಗೆರೆ ಎಳೆಯುವ ಮೊದಲೇ ವಜ್ರದಾಕಾರ ಎದ್ದು ಕಾಣುತ್ತದೆ. ಇಟಲಿಯ ಮನಃಶಾಸ್ತ್ರಜ್ಞ ಗಯೆಟಾನೊ ಕನಿಝಾ 1955ರಲ್ಲಿ ತೋರಿಸಿದ ಚಿತ್ರದಲ್ಲೂ ಹೀಗೆಯೇ: ಬಾಯಿ ತೆರೆದ ಮೂರು ಕಪ್ಪು ಬಿಲ್ಲೆಗಳ ನಡುವೆ, ಯಾರೂ ಬರೆಯದ ಬಿಳಿ ತ್ರಿಕೋನ ಕಾಣುತ್ತದೆ. ಆದರೆ ಬಿಲ್ಲೆಗಳ ಅಂಚು ಒಂದಕ್ಕೊಂದು ನೇರ ಕೂಡಬೇಕು. ತಿರುಗಿಸಿದರೆ ತ್ರಿಕೋನ ಮಾಯ.

ಚಿತ್ರಗಳಲ್ಲಿ ಹೇಳುವ ಕತೆಗೂ ಇದೇ ಷರತ್ತು. ಬೆಲ್ಲದ ಕತೆ ಹೇಳಲು ಗದ್ದೆ, ಗಾಣ, ಕೊಪ್ಪರಿಗೆ, ಅಚ್ಚು, ಅಂಗಡಿ ಎಂದು ಐದು ಚಿತ್ರ ಬೇಕಿಲ್ಲ. ಕುದಿಯುವ ಕೊಪ್ಪರಿಗೆ, ಮಗುವಿನ ಅಂಗೈಯಲ್ಲಿ ಬೆಲ್ಲದ ಚೂರು, ಇಷ್ಟು ಸಾಕು. ಕೊಪ್ಪರಿಗೆಯ ಬದಲು ಬರೀ ಹಸಿರು ಗದ್ದೆ ಇಟ್ಟರೆ, ಆಲೆಮನೆ ಕಾಣದವರಿಗೆ ಕೊಂಡಿ ತಪ್ಪುತ್ತದೆ.

ಎಡವಟ್ಟಾಗುವುದು ಅಕ್ಷರದಲ್ಲಿ. ಚೆಂದ ಕಾಣಲೆಂದು ಎಳೆಯಂಥ ಫಾಂಟನ್ನು ಬಿಳಿಯ ಮೇಲೆ ತೆಳು ಬೂದುಬಣ್ಣದಲ್ಲಿ ಹಾಕುತ್ತಾರೆ. ‘ದ’ ಮತ್ತು ‘ಧ’ ನಡುವೆ ಇರುವುದು ಬುಡದ ಒಂದು ಪುಟ್ಟ ಸೀಳು. ಬಿಸಿಲಿಗೆ ಅದು ಅಳಿಸಿಹೋದರೆ ‘ಧನ’ ‘ದನ’ವಾಗುತ್ತದೆ. ಎರಡೂ ಸರಿಯಾದ ಪದಗಳೇ, ಮಿದುಳಿಗೆ ತಿದ್ದಿಕೊಳ್ಳಲು ಸುಳಿವೇ ಇಲ್ಲ. ಅಲಂಕಾರವನ್ನೆಲ್ಲ ತೆಗೆಯಿರಿ, ಆ ಸೀಳನ್ನು ಮಾತ್ರ ಇನ್ನಷ್ಟು ಅಗಲ ಮಾಡಿಸಿ.

ಬಣ್ಣ ಹಚ್ಚುವ ಮುಂಚೆ ಬೋರ್ಡನ್ನು ಇಪ್ಪತ್ತನೇ ಒಂದರಷ್ಟಕ್ಕೆ ಇಳಿಸಿ ಪ್ರಿಂಟ್ ತೆಗೆಯಿರಿ. 16 ಅಂಗುಲದ ಅಕ್ಷರ 2 ಸೆಂ.ಮೀ. ಆಗುತ್ತದೆ. ಬಿಸಿಲು ಬೀಳುವ ಗೋಡೆಗೆ ಅಂಟಿಸಿ, ವಿಷಯ ಗೊತ್ತಿಲ್ಲದ ಒಬ್ಬರನ್ನು ಎರಡೂವರೆ ಮೀಟರ್ ದೂರ ನಿಲ್ಲಿಸಿ, ಒಂದು ಸೆಕೆಂಡು ತೋರಿಸಿ ಮುಚ್ಚಿ, ಏನು ಓದಿದಿರಿ ಎಂದು ಕೇಳಿ.