ಲಾರ್ಡ್ ರಾಸ್ ತಮ್ಮ ದೈತ್ಯ ದೂರದರ್ಶಕಕ್ಕೆ ಗಾಜಿನ ಕನ್ನಡಿ ಏಕೆ ಹಾಕಲಿಲ್ಲ?

ಪ್ರಶ್ನೆ: 1845ರ ಹೊತ್ತಿಗೆ ಯೂರೋಪಿನಲ್ಲಿ ಗಾಜಿನ ಕನ್ನಡಿಗಳಿಗೆ ಬರವಿರಲಿಲ್ಲ. ಹಾಗಿದ್ದೂ ಐರ್ಲೆಂಡಿನ ಲಾರ್ಡ್ ರಾಸ್ ಆರು ಅಡಿ ಅಗಲದ ಕನ್ನಡಿಗಾಗಿ ಟನ್ನುಗಟ್ಟಲೆ ತಾಮ್ರ, ತವರ ಕರಗಿಸಿದರು ಎಂದು ಓದಿದೆ. ಆ ಲೋಹ ಬೇಗ ಮಂಕಾಗುತ್ತಿತ್ತಂತೆ, ಎರಕ ಹೊಯ್ಯುವಾಗ ಒಡೆಯುತ್ತಿತ್ತಂತೆ. ಗಾಜನ್ನೇ ಬಳಸಬಹುದಿತ್ತಲ್ಲ?

ಉತ್ತರ: ಗಾಜು ಇತ್ತು. ಆದರೆ ಗಾಜಿನ ಮುಂಭಾಗಕ್ಕೆ ತೆಳುವಾಗಿ ಬೆಳ್ಳಿ ಹಿಡಿಸುವ ವಿದ್ಯೆ ದೂರದರ್ಶಕ ಮಾಡುವವರ ಕೈಗೆ ಬಂದಿದ್ದು 1856-57ರಲ್ಲಿ. ರಾಸ್ ಅವರ ಕನ್ನಡಿ ಎರಕವಾಗಿದ್ದು 1842ರಲ್ಲಿ. ನಡುವಿನ ಆ ಹದಿನೈದು ವರ್ಷಗಳಲ್ಲೇ ಇಡೀ ಉತ್ತರ ಇದೆ.

ಮನೆಯ ಕನ್ನಡಿಗೆ ಬೆರಳ ತುದಿ ತಾಗಿಸಿ ನೋಡಿ. ಬೆರಳಿಗೂ ಅದರ ಬಿಂಬಕ್ಕೂ ನಡುವೆ ಸಣ್ಣ ಅಂತರ ಕಾಣುತ್ತದೆ. ಪ್ರತಿಫಲಿಸುವ ಲೇಪ ಗಾಜಿನ ಬೆನ್ನಿಗಿರುವುದೇ ಇದಕ್ಕೆ ಕಾರಣ. ಆಗಿನ ಕಾಲದಲ್ಲಿ ಆ ಲೇಪ ತವರ ಮತ್ತು ಪಾದರಸದ ಮಿಶ್ರಣವಾಗಿತ್ತು. ಮುಖ ನೋಡಿಕೊಳ್ಳಲು ಅಷ್ಟು ಸಾಕು, ನಕ್ಷತ್ರ ನೋಡಲು ಸಾಲದು. ಬೆಳಕಿನ ಸುಮಾರು ನೂರಕ್ಕೆ ನಾಲ್ಕು ಪಾಲು ಗಾಜಿನ ಮುಂಭಾಗದಲ್ಲೇ ತಿರುಗಿ ಇನ್ನೊಂದು ಮಸುಕು ಬಿಂಬ ಮಾಡುತ್ತದೆ. ಉಳಿದದ್ದು ಗಾಜಿನೊಳಗೆ ಎರಡು ಸಲ ಹಾಯಬೇಕು. ಅಲ್ಲಿರುವ ಪ್ರತಿ ಗುಳ್ಳೆ, ಪ್ರತಿ ಎಳೆ ಬಿಂಬವನ್ನು ಕೆಡಿಸುತ್ತದೆ, ಬಣ್ಣಗಳೂ ಬೇರೆಯಾಗುತ್ತವೆ. ಆರು ಅಡಿ ಅಗಲಕ್ಕೆ ದೋಷವಿಲ್ಲದ ಗಾಜಿನ ಬಿಲ್ಲೆಯನ್ನು ಆಗ ಯಾರೂ ಎರಕ ಹೊಯ್ಯುತ್ತಿರಲಿಲ್ಲ. ಹೀಗಾಗಿ ಮುಂಭಾಗವೇ ಹೊಳೆಯುವ ವಸ್ತು ಬೇಕಿತ್ತು. ಅದು ಲೋಹ ಮಾತ್ರ.

ಯಾವ ಲೋಹ? ತಾಮ್ರ ಮೆತ್ತಗೆ, ಕೆಂಪು. ತವರ ಬೆರೆಸುತ್ತಾ ಹೋದರೆ ಗಟ್ಟಿಯಾಗಿ ಕಂಚಾಗುತ್ತದೆ. ಗಂಟೆಯ ಕಂಚಿನಲ್ಲಿ ತವರ ನೂರಕ್ಕೆ 20ರಿಂದ 25ರಷ್ಟಿರುತ್ತದೆ. ಅದನ್ನು ದಾಟಿ 32ರ ಸುಮಾರಿಗೆ ಬಂದಾಗ ಲೋಹ ಬಿಳಿಯಾಗಿ, ಕನ್ನಡಿಯಂಥ ಹೊಳಪು ಪಡೆಯುತ್ತದೆ. ಇದೇ ಸ್ಪೆಕ್ಯುಲಮ್ ಲೋಹ. ರಾಸ್ ಹಿಡಿದ ಪ್ರಮಾಣ ತಾಮ್ರದ ನಾಲ್ಕು ಪರಮಾಣುವಿಗೆ ತವರದ ಒಂದು, ತೂಕದಲ್ಲಿ 126.4 ಪಾಲು ತಾಮ್ರಕ್ಕೆ 58.9 ಪಾಲು ತವರ. ತವರ ಕಡಿಮೆಯಾದರೆ ಕೆಂಪು ಛಾಯೆ ಬಂದು ಬೇಗ ಮಂಕಾಗುತ್ತದೆ. ಹೆಚ್ಚಾದರೆ ಇನ್ನೂ ಪೆಡಸಾಗಿ, ಮುಟ್ಟಿದರೆ ಒಡೆಯುವಂತಾಗುತ್ತದೆ.

ಹೆಚ್ಚುಕಡಿಮೆ ಇದೇ ಮಿಶ್ರಣ ನಮ್ಮ ಪಕ್ಕದಲ್ಲೇ ಇದೆ. ಕೇರಳದ ಅರನ್ಮುಳ ಕನ್ನಡಿಯಲ್ಲೂ ತವರ ಸುಮಾರು 32-33ರಷ್ಟು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅದರ ಲೋಹವನ್ನು ಅಧ್ಯಯನ ಮಾಡಿದ್ದಾರೆ. ಅರನ್ಮುಳ ಕನ್ನಡಿಗೆ ಬೆರಳು ತಾಗಿಸಿದರೆ ಬಿಂಬ ಬೆರಳಿಗೇ ಅಂಟಿಕೊಂಡಿರುತ್ತದೆ, ನಡುವೆ ಅಂತರವಿಲ್ಲ. ದೂರದರ್ಶಕಕ್ಕೆ ಬೇಕಾದದ್ದೂ ಅದೇ ಗುಣ. ಕಷ್ಟವಿರುವುದು ಅಳತೆಯಲ್ಲಿ. ಅಂಗೈಯಗಲದ ತುಂಡನ್ನು ಒಡೆಯದೆ ತೆಗೆಯುವುದೇ ಕುಶಲಕರ್ಮಿಯ ಕೆಲಸವಾಗಿರುವಾಗ, ರಾಸ್‌ಗೆ 72 ಇಂಚು, ಅಂದರೆ 183 ಸೆಂ.ಮೀ. ಬೇಕಿತ್ತು.

ರಾಸ್ ಅವರ ಹೆಸರು ವಿಲಿಯಂ ಪಾರ್ಸನ್ಸ್, ಹುಟ್ಟಿದ್ದು 1800ರಲ್ಲಿ. ಹದಿಮೂರು ವರ್ಷ ಪಾರ್ಲಿಮೆಂಟಿನಲ್ಲಿದ್ದು, 1841ರಲ್ಲಿ ತಂದೆ ತೀರಿಕೊಂಡ ಮೇಲೆ ಮೂರನೆಯ ಅರ್ಲ್ ಆಫ್ ರಾಸ್ ಆದರು. ಮನೆತನದ ಕೋಟೆ ಇದ್ದದ್ದು ಐರ್ಲೆಂಡಿನ ನಟ್ಟನಡುವಿನ ಪಾರ್ಸನ್ಸ್‌ಟೌನ್‌ನಲ್ಲಿ, ಈಗಿನ ಬರ್ ಊರಿನಲ್ಲಿ. ಹಣಕ್ಕೆ ಜಮೀನು ಇತ್ತು, ಹೆಂಡತಿ ಮೇರಿ ತಂದ ಆಸ್ತಿಯೂ ಇತ್ತು. ಕೆಲಸಕ್ಕೆ ಹೊರಗಿನಿಂದ ಪರಿಣತರನ್ನು ಕರೆಸದೆ ಊರಿನವರನ್ನೇ ಪಳಗಿಸಿದರು. ಅವರಿಗಿಂತ ಮೊದಲು ದೊಡ್ಡ ಕನ್ನಡಿ ಮಾಡಿದ್ದ ವಿಲಿಯಂ ಹರ್ಷೆಲ್ ದೂರದರ್ಶಕ ಮಾರುತ್ತಿದ್ದವರು, ಹೊಳಪು ಕೊಡುವ ತಮ್ಮ ವಿಧಾನವನ್ನು ಬಿಟ್ಟುಕೊಟ್ಟಿರಲಿಲ್ಲ. ರಾಸ್ ಎಲ್ಲವನ್ನೂ ಮೊದಲಿನಿಂದ ಕಂಡುಕೊಳ್ಳಬೇಕಾಯಿತು. ಕಂಡುಕೊಂಡದ್ದನ್ನು, ಕೆಟ್ಟ ಪ್ರಯೋಗಗಳನ್ನೂ ಸೇರಿಸಿ, 1840ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಿಚ್ಚಿ ಬರೆದರು. ಅವರು ಕಂಡ ಯಾವ ನೀಹಾರಿಕೆಗಿಂತಲೂ (ಆಕಾಶದಲ್ಲಿ ಮಸುಕು ಮೋಡದಂತೆ ಕಾಣುವ ಕಾಯ) ಈ ಔದಾರ್ಯ ನಮಗೆ ದೊಡ್ಡದಾಗಿ ಕಾಣುತ್ತದೆ.

ಈಗ ಎರಕಕ್ಕೆ ಬರೋಣ. ಸ್ಪೆಕ್ಯುಲಮ್ ಲೋಹವನ್ನು ಅರದಿಂದ ಉಜ್ಜಲಾಗದು, ಲೇತಿಗೆ ಕೊಟ್ಟು ಕೊರೆಯಲಾಗದು. ಬಿಸಿ ಏಕಾಏಕಿ ಏರಿಳಿದರೆ ಸಾಕು, ಸೀಳುತ್ತದೆ. ಮಾಮೂಲಿ ಮರಳಿನ ಅಚ್ಚಿಗೆ ಹೊಯ್ದರೆ ಅಂಚು ಮೊದಲು ಗಟ್ಟಿಯಾಗುತ್ತದೆ, ನಡುಭಾಗ ಕೊನೆಗೆ. ಕೊನೆಗೆ ಆರುವ ಲೋಹ ಕುಗ್ಗಲು ಹೋದಾಗ ಗಟ್ಟಿಯಾದ ಅಂಚು ಬಿಡುವುದಿಲ್ಲ, ಒಳಗೆ ಎಳೆತ ಉಳಿದು ಬಿಲ್ಲೆ ಬಿರಿಯುತ್ತದೆ. ಹಾಗಾಗಿ ತಳದಿಂದ ಮೇಲಕ್ಕೆ, ಇಡೀ ಅಗಲಕ್ಕೆ ಒಂದೇ ಸಮನಾಗಿ ಲೋಹ ಗಟ್ಟಿಯಾಗಬೇಕು. ರಾಸ್ ಅಚ್ಚಿನ ಸುತ್ತುಗೋಡೆಯನ್ನು ಮರಳಿನಲ್ಲೇ ಬಿಟ್ಟು, ತಳವನ್ನು ಮಾತ್ರ ಕಬ್ಬಿಣದಿಂದ ಮಾಡಿದರು. ಅದೂ ಇಡೀ ತಗಡಲ್ಲ. ಕಬ್ಬಿಣದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒತ್ತೊತ್ತಾಗಿ ಜೋಡಿಸಿ, ಮೇಲ್ಮೈಯನ್ನು ಕನ್ನಡಿಗೆ ಬೇಕಾದ ಬಾಗಿಗೆ ತಕ್ಕಂತೆ ಉಬ್ಬಾಗಿ ಕೆತ್ತಿದರು. ಪಟ್ಟಿಗಳ ಸಂದಿನಲ್ಲಿ ಗಾಳಿ ನುಸುಳಿ ಹೋಗುತ್ತದೆ, ಕರಗಿದ ಲೋಹ ಇಳಿಯುವುದಿಲ್ಲ. ಇಡೀ ತಗಡಾಗಿದ್ದರೆ ಸಿಕ್ಕಿಬಿದ್ದ ಗಾಳಿ ಕನ್ನಡಿಯ ಮುಖದಲ್ಲೇ ಕುಳಿಗಳನ್ನು ಮಾಡುತ್ತಿತ್ತು. ಕಬ್ಬಿಣ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಲೋಹ ಕೆಳಗಿನಿಂದಲೇ ಗಟ್ಟಿಯಾಗುತ್ತಾ ಬರುತ್ತಿತ್ತು.

ಮೂಸೆಗಳೂ ತಲೆನೋವಾಗಿದ್ದವು. ಅಷ್ಟು ಲೋಹ ಹಿಡಿಯಲು ಎರಕದ ಕಬ್ಬಿಣದವೇ ಬೇಕಿತ್ತು. ಬಾಯಿ ಕೆಳಗಾಗಿ ಎರಕ ಹೊಯ್ದ ಮೂಸೆಯಲ್ಲಿ ಗಾಳಿಗುಳ್ಳೆಗಳೆಲ್ಲ ತಳದ ಭಾಗಕ್ಕೆ ಸೇರಿ, ಆ ಸಣ್ಣ ರಂಧ್ರಗಳಲ್ಲಿ ಕರಗಿದ ಲೋಹ ಜಿನುಗುತ್ತಿತ್ತು. ಬಾಯಿ ಮೇಲಾಗಿ ಹೊಯ್ದಾಗ ತಳ ಗಟ್ಟಿಯಾಯಿತು. 1842ರ ಏಪ್ರಿಲ್ 13ರ ರಾತ್ರಿ ಮೂರು ಕುಲುಮೆಗಳಲ್ಲಿ ಮೂರು ಮೂಸೆ ಇಟ್ಟು, ಊರ ಸುತ್ತಲಿನ ಜೌಗು ನೆಲದಿಂದ ಅಗೆದು ಒಣಗಿಸಿದ ಪೀಟ್ ಉರಿಸಿ, ಸುಮಾರು ಮೂರು ಟನ್ ಲೋಹ ಹೊಯ್ದರು. ಬಿಲ್ಲೆ ಇನ್ನೂ ಕೆಂಪಗಿರುವಾಗಲೇ ಅದನ್ನು ಮೊದಲೇ ಕಾಯಿಸಿಟ್ಟ ಒಲೆಗೂಡಿಗೆ ಎಳೆದು, ಬಾಯಿ ಮುಚ್ಚಿ, 16 ವಾರ ತಾನಾಗಿ ಆರಲು ಬಿಟ್ಟರು. ಇಷ್ಟೆಲ್ಲ ಮಾಡಿಯೂ ಒಟ್ಟು ಐದು ಎರಕಗಳಲ್ಲಿ ಬಳಸುವಂಥ ಕನ್ನಡಿಗಳು ಸಿಕ್ಕಿದ್ದು ಎರಡೇ.

ಎರಕ ಗೆದ್ದರೆ ಅರ್ಧ ಕೆಲಸವೂ ಆಗಲಿಲ್ಲ. ಕನ್ನಡಿಯ ನಾಭಿದೂರ, ಅಂದರೆ ಕನ್ನಡಿಯಿಂದ ಬೆಳಕು ಕೂಡುವ ಜಾಗಕ್ಕಿರುವ ದೂರ, 54 ಅಡಿ. ಅಂದರೆ ಆರು ಅಡಿ ಅಗಲದ ಬಿಲ್ಲೆ ಅಂಚಿಗಿಂತ ನಡುವಿನಲ್ಲಿ ತಗ್ಗಿರಬೇಕಾದದ್ದು ಬರೀ ಅರ್ಧ ಇಂಚು. ಆ ತಗ್ಗು ಗೋಳದ ತುಂಡಿನಂತಿದ್ದರೆ ಅಂಚಿನ ಬೆಳಕು ಒಂದು ಕಡೆ, ನಡುವಿನ ಬೆಳಕು ಇನ್ನೊಂದು ಕಡೆ ಕೂಡುತ್ತದೆ, ಹಾಗಾಗಿ ಎಲ್ಲ ಬೆಳಕನ್ನೂ ಒಂದೇ ಕಡೆ ಕೂಡಿಸುವ ಪರವಲಯದ (ಪ್ಯಾರಾಬೋಲಾ) ಬಾಗು ಬೇಕು. ಗೋಳಕ್ಕೂ ಪರವಲಯಕ್ಕೂ ಈ ಕನ್ನಡಿಯ ಅಂಚಿನಲ್ಲಿ ಬರುವ ವ್ಯತ್ಯಾಸ ಲೆಕ್ಕ ಹಾಕಿದರೆ ಒಂದು ಇಂಚಿನ ಹತ್ತುಸಾವಿರದ ಒಂದು ಪಾಲು, ಸುಮಾರು ಎರಡೂವರೆ ಮೈಕ್ರಾನ್. ಮೂರು ಟನ್ ತೂಕದ ಬಿಲ್ಲೆಯ ಮೇಲಿನ ಆ ಎರಡೂವರೆ ಮೈಕ್ರಾನ್‌ಗಾಗಿ ರಾಸ್ ಉಗಿಯಂತ್ರದಿಂದ ನಡೆಯುವ ಉಜ್ಜುಯಂತ್ರ ಕಟ್ಟಿದರು. ಕನ್ನಡಿ ಮುಖ ಮೇಲಾಗಿ ನೀರಿನ ತೊಟ್ಟಿಯಲ್ಲಿ ಮಲಗಿ ನಿಧಾನ ತಿರುಗುತ್ತಿರುತ್ತದೆ. ನೀರು ಬಿಸಿಯನ್ನು ಒಂದೇ ಮಟ್ಟದಲ್ಲಿ ಇಡುತ್ತದೆ. ಇಲ್ಲವಾದರೆ ಉಜ್ಜುವಾಗಿನ ಶಾಖಕ್ಕೆ ಲೋಹ ಉಬ್ಬಿ, ಆರಿದ ಮೇಲೆ ಬೇರೆಯೇ ಆಕಾರ ತಾಳುತ್ತದೆ. ಮೇಲಿನಿಂದ ಗೀರುಗಾಲುವೆಗಳಿರುವ ಕಬ್ಬಿಣದ ಬಿಲ್ಲೆ ಉದ್ದಕ್ಕೂ ಅಡ್ಡಕ್ಕೂ ಆಡುತ್ತದೆ. ಮೊದಲು ಎಮೆರಿ ಪುಡಿ ಮತ್ತು ನೀರು. ಕೊನೆಗೆ ಬಿಲ್ಲೆಗೆ ರಾಳ ಬಳಿದು, ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ. ಹೊಡೆತ ಎಷ್ಟು ಉದ್ದ, ಎಷ್ಟು ಪಕ್ಕಕ್ಕೆ ಎಂಬುದನ್ನು ಬದಲಿಸಿ ಗೋಳವನ್ನು ಪರವಲಯದತ್ತ ತರಬಹುದು. ಕೈಯಲ್ಲಿ ಉಜ್ಜುವವನಿಗೆ ಇದು ಅದೃಷ್ಟದ ಮಾತಾಗಿತ್ತು. ಯಂತ್ರದಲ್ಲಿ ಒಮ್ಮೆ ಬಂದದ್ದನ್ನು ಮತ್ತೊಮ್ಮೆ ತರಬಹುದಾಯಿತು.

ಆಕಾರ ಸರಿಬಂತೇ ಎಂದು ನೋಡುವುದು ಹೇಗೆ? ಇದಕ್ಕೂ ಮೊದಲು ಮಾಡಿದ್ದ ಮೂರು ಅಡಿ ಅಗಲದ ಕನ್ನಡಿಗೆ ರಾಸ್ ಮಾಡಿಕೊಂಡ ಉಪಾಯ ನಮಗೆ ಬಹಳ ಇಷ್ಟ. ಉಜ್ಜುಯಂತ್ರವನ್ನು ಗೋಪುರದ ಕೆಳಗೆ ಇಟ್ಟು, ಮಹಡಿಗಳಲ್ಲಿ ತೆರೆಯುವ ಬಾಗಿಲು ಮಾಡಿಸಿ, ಸುಮಾರು 50 ಅಡಿ ಮೇಲೆ ಗಡಿಯಾರದ ಮುಖವೊಂದನ್ನು ತೂಗುಹಾಕಿದರು. ಕನ್ನಡಿಯನ್ನು ಕದಲಿಸದೆ ಅದರ ಬಿಂಬವನ್ನು ಕಣ್ಣುಮಸೂರದಲ್ಲಿ ನೋಡಿದರಾಯಿತು. ಕನ್ನಡಿಯ ನಡುಭಾಗ ಮಾತ್ರ, ಅಂಚು ಮಾತ್ರ ಕಾಣುವಂತೆ ಮರೆ ಇಟ್ಟು ನೋಡಿದರೆ ಯಾವ ಭಾಗ ಇನ್ನೂ ಉಜ್ಜಬೇಕೆಂದು ಗೊತ್ತಾಗುತ್ತದೆ.

ಇಷ್ಟು ಭಾರದ ಬಿಲ್ಲೆ ತನ್ನ ತೂಕಕ್ಕೆ ತಾನೇ ಬಾಗುತ್ತದೆ. ಡಬ್ಲಿನ್‌ನ ದೂರದರ್ಶಕ ತಯಾರಕ ಥಾಮಸ್ ಗ್ರಬ್ ಅವರ ವಿಧಾನ ಹಿಡಿದು, ಸನ್ನೆಕೋಲುಗಳ ಮೇಲೆ ಸನ್ನೆಕೋಲು ಕೂರಿಸಿ, ತೂಕ 27 ಆಸರೆಗಳಿಗೆ ಸಮನಾಗಿ ಹಂಚುವಂತೆ ಮಾಡಿದರು. ಕೊಳವೆಯನ್ನು ಪೀಪಾಯಿ ಕಟ್ಟುವಂತೆ ಮರದ ಹಲಗೆ ಮತ್ತು ಕಬ್ಬಿಣದ ಬಳೆಗಳಿಂದ ಕಟ್ಟಿದರು. ಉದ್ದ 50 ಅಡಿಗೂ ಮೀರಿದ್ದು. ಜಾರ್ಜ್ ಪೀಕಾಕ್ ಎಂಬ ಪಾದ್ರಿ ಛತ್ರಿ ಬಿಚ್ಚಿಕೊಂಡೇ ಅದರೊಳಗೆ ನಡೆದುಹೋದದ್ದು ಪ್ರಸಿದ್ಧ. ಅದನ್ನು ಉತ್ತರ-ದಕ್ಷಿಣವಾಗಿ ಕಟ್ಟಿದ ಎರಡು ಭಾರಿ ಕಲ್ಲುಗೋಡೆಗಳ ನಡುವೆ ಸರಪಳಿ, ರಾಟೆಗಳಿಂದ ಎತ್ತಿ ಇಳಿಸಬಹುದಿತ್ತು. ಪಕ್ಕಕ್ಕೆ ಹೆಚ್ಚು ಸರಿಯದು. ಖಗೋಳದ ಮಧ್ಯರೇಖೆಯ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯ) ಬಳಿಯ ಕಾಯವನ್ನು ಸುಮಾರು ಒಂದು ಗಂಟೆ ಹಿಂಬಾಲಿಸಬಹುದಿತ್ತು, ಆಮೇಲೆ ಅದು ಗೋಡೆಯ ಹಿಂದೆ. ಫೋಟೊ ತೆಗೆಯುವ ಮಾತೇ ಇರಲಿಲ್ಲ. ಎತ್ತರದ ಅಟ್ಟದಲ್ಲಿ ನಿಂತು ನೋಡಿ ಪೆನ್ಸಿಲಿನಲ್ಲಿ ಬರೆಯಬೇಕು.

1845ರ ಫೆಬ್ರವರಿಯಲ್ಲಿ ಮೊದಲ ನೋಟ. ಏಪ್ರಿಲ್‌ನಲ್ಲಿ ಎಂ 51 ಎಂಬ ನೀಹಾರಿಕೆಯ ಕಡೆ ತಿರುಗಿಸಿದಾಗ ಸುರುಳಿ ಕಂಡಿತು. ವಿಲಿಯಂ ಹರ್ಷೆಲ್ ಅವರ ಮಗ ಜಾನ್ ಹರ್ಷೆಲ್ ಅಲ್ಲಿ ಉಂಗುರವೊಂದನ್ನು ಕಂಡಿದ್ದರಷ್ಟೆ. ನೀಹಾರಿಕೆಗೆ ಸುರುಳಿ ರಚನೆ ಇದೆ ಎಂದು ಮನುಷ್ಯರಿಗೆ ತಿಳಿದದ್ದು ಆಗಲೇ. ಅದೇ ಶರತ್ಕಾಲದಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡಿನ ಮಹಾಕ್ಷಾಮ ಶುರುವಾಯಿತು. ರಾಸ್ ಪರಿಹಾರದ ಕೆಲಸಕ್ಕಿಳಿದರು, ವೀಕ್ಷಣೆ ವರ್ಷಗಟ್ಟಲೆ ಹಿಂದೆ ಬಿತ್ತು. 1850ರ ಪ್ರಬಂಧದಲ್ಲಿ ಇನ್ನಷ್ಟು ಸುರುಳಿಗಳನ್ನು ಪ್ರಕಟಿಸಿದರು. ತಪ್ಪೂ ಆಯಿತು. ಓರಿಯನ್ ನೀಹಾರಿಕೆಯನ್ನು ಬಿಡಿ ನಕ್ಷತ್ರಗಳಾಗಿ ಬಿಡಿಸಿದೆವೆಂದು ನಂಬಿದರು, ಅದು ಅನಿಲದ ಮೋಡ. ಕಣ್ಣೊಂದನ್ನೇ ನಂಬಿ ಇದನ್ನು ತೀರ್ಮಾನಿಸಲಾಗದು. ಕೆಲವು ನೀಹಾರಿಕೆಗಳು ಅನಿಲವೆಂದು ತೋರಿಸಲು 1864ರಲ್ಲಿ ವಿಲಿಯಂ ಹಗಿನ್ಸ್ ಅವರ ರೋಹಿತದರ್ಶಕ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸಾಧನ, ಬರಬೇಕಾಯಿತು.

ಮಂಕಾಗುವ ವಿಷಯ ಕೇಳಿದ್ದಿರಿ. ಹೊಸದಾಗಿ ಹೊಳಪು ಕೊಟ್ಟ ಸ್ಪೆಕ್ಯುಲಮ್ ತನ್ನ ಮೇಲೆ ಬಿದ್ದ ಬೆಳಕಿನ ಮೂರನೇ ಎರಡರಷ್ಟನ್ನು ತಿರುಗಿಸುತ್ತದೆ. ಕೊಳವೆಯ ಬಾಯಿಯ ಹತ್ತಿರ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಸಣ್ಣ ಕನ್ನಡಿಯೂ ಅದೇ ಲೋಹದ್ದು. ಎರಡೂ ಸೇರಿ ಕಣ್ಣಿಗೆ ಬರುವುದು ನೂರಕ್ಕೆ 44ರ ಆಸುಪಾಸು, ಅದೂ ಹೊಳಪು ಹೊಸದಾಗಿದ್ದಾಗ. ಐರ್ಲೆಂಡಿನ ತೇವದ ಗಾಳಿಯಲ್ಲಿ ಅದೂ ಇಳಿಯುತ್ತಾ ಹೋಗುತ್ತದೆ. ಮತ್ತೆ ಹೊಳಪು ಕೊಡಬೇಕೆಂದರೆ ಮತ್ತೆ ಉಜ್ಜಬೇಕು. ಉಜ್ಜಿದೊಡನೆ ಆ ಎರಡೂವರೆ ಮೈಕ್ರಾನಿನ ಲೆಕ್ಕ ಮತ್ತೆ ಮೊದಲಿನಿಂದ. ಲೋಹದ ಕನ್ನಡಿಯ ನಿಜವಾದ ಕಷ್ಟ ಇದು: ಆಕಾರವೂ ಹೊಳಪೂ ಒಂದೇ ಮೈಯಲ್ಲಿವೆ, ಒಂದನ್ನು ಮುಟ್ಟದೆ ಇನ್ನೊಂದನ್ನು ಮುಟ್ಟಲಾಗದು. ಒಂದು ಕನ್ನಡಿ ಉಜ್ಜುಯಂತ್ರದಲ್ಲಿರುವಾಗ ಇನ್ನೊಂದು ಕೊಳವೆಯಲ್ಲಿರಲಿ ಎಂದೇ ರಾಸ್ ಎರಡು ಮಾಡಿಟ್ಟುಕೊಂಡರು. ಎರಡನೆಯದು ಮೊದಲನೆಯದಕ್ಕಿಂತ ಭಾರ, ನಾಲ್ಕು ಟನ್ನಿನ ಹತ್ತಿರ.

ಗಾಜು ಗೆದ್ದದ್ದು ಈ ಎರಡನ್ನೂ ಬೇರ್ಪಡಿಸಿದ್ದರಿಂದ. ಜರ್ಮನಿಯ ಸ್ಟೈನ್‌ಹೈಲ್ ಮತ್ತು ಫ್ರಾನ್ಸಿನ ಫೂಕೊ, ರಾಸಾಯನಿಕ ದ್ರಾವಣದಿಂದ ಗಾಜಿನ ಮುಂಭಾಗಕ್ಕೆ ಬೆಳ್ಳಿಯ ತೆಳು ಪದರ ಇಳಿಸಿದರು. ಆಕಾರ ಗಾಜಿನದು, ಹೊಳಪು ಬೆಳ್ಳಿಯದು. ಬೆಳ್ಳಿ ಹೊಸತಾಗಿದ್ದಾಗ ನೂರಕ್ಕೆ 90ಕ್ಕಿಂತ ಹೆಚ್ಚು ಬೆಳಕು ತಿರುಗಿಸುತ್ತದೆ. ಕಪ್ಪಾದರೆ ಆಮ್ಲದಲ್ಲಿ ತೊಳೆದು ಹೊಸದಾಗಿ ಬೆಳ್ಳಿ ಇಳಿಸಿದರಾಯಿತು, ಗಾಜಿನ ಬಾಗು ಹಾಗೇ ಇರುತ್ತದೆ. ಆದರೂ ಅಳತೆಯಲ್ಲಿ ರಾಸ್ ಕನ್ನಡಿಯನ್ನು ಮೀರಿಸಿ ಕೆಲಸ ಮಾಡಿದ ದೂರದರ್ಶಕ ಬಂದದ್ದು 1917ರಲ್ಲಿ, ಅಮೆರಿಕದ ಮೌಂಟ್ ವಿಲ್ಸನ್‌ನ 100 ಇಂಚಿನ ಗಾಜಿನ ಕನ್ನಡಿಯೊಡನೆ. ಸುರುಳಿ ನೀಹಾರಿಕೆಗಳು ನಮ್ಮ ಆಕಾಶಗಂಗೆಯಾಚೆಯ ಬೇರೆ ಗೆಲಾಕ್ಸಿಗಳೆಂದು ಎಡ್ವಿನ್ ಹಬಲ್ ತೋರಿಸಿದ್ದು ಅದರಿಂದಲೇ.

ರಾಸ್ ಅವರ ಮೂಲ ಕನ್ನಡಿಗಳಲ್ಲೊಂದು ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ಬರ್ ಕೋಟೆಯಲ್ಲಿ 1990ರ ದಶಕದಲ್ಲಿ ದೂರದರ್ಶಕವನ್ನು ಮತ್ತೆ ಕಟ್ಟಿದಾಗ ಅಲ್ಯೂಮಿನಿಯಂ ಕನ್ನಡಿ ಕೂರಿಸಿದರು. ಎಂ 51 ನೋಡಲು ಅಲ್ಲಿಗೆ ಹೋಗಬೇಕಿಲ್ಲ. ಏಪ್ರಿಲ್-ಮೇ ತಿಂಗಳ ರಾತ್ರಿ ಹತ್ತರ ಮೇಲೆ ಉತ್ತರಕ್ಕೆ ಸಪ್ತರ್ಷಿ ಮಂಡಲ ಮೇಲೆ ಬಂದಿರುತ್ತದೆ. ಬಾಲದ ತುದಿಯ ಮರೀಚಿ ನಕ್ಷತ್ರದಿಂದ ಸುಮಾರು ಮೂರೂವರೆ ಡಿಗ್ರಿ ದೂರದಲ್ಲಿ ಹುಡುಕಿ. ಊರ ದೀಪಗಳಿಂದ ದೂರ, ಚಂದ್ರನಿಲ್ಲದ ರಾತ್ರಿ, 10-12 ಇಂಚಿನ ಕನ್ನಡಿಯ ದೂರದರ್ಶಕವಿದ್ದರೆ ಸುರುಳಿಯ ಸುಳಿವು ಸಿಗುತ್ತದೆ. ಮೊದಲು ಎರಡು ಮಸುಕು ಚುಕ್ಕೆಗಳಷ್ಟೇ ಕಾಣುತ್ತವೆ. ಅರ್ಧ ಗಂಟೆ ಕತ್ತಲಿಗೆ ಕಣ್ಣು ಹೊಂದಿಸಿಕೊಂಡು, ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ.