ಬೆಳ್ಳಿ ಸಿಗದಿದ್ದರೆ ಮನೆ ಮೇಲಿನ ಸೋಲಾರ್ ಗತಿ ಏನು?

ಪ್ರಶ್ನೆ: ಮಂಡ್ಯದಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಬೇಕೆಂದಿದ್ದೇವೆ. ಅದಕ್ಕೆ ಬೆಳ್ಳಿ ಬೇಕಂತೆ, ಬೆಳ್ಳಿಗೆ ಕೊರತೆಯಂತೆ. ಪೆಟ್ರೋಲಿನ ಹಾಗೆ ಇದಕ್ಕೂ ಹೊರದೇಶವನ್ನೇ ನಂಬಿ ಕೂರಬೇಕಾಗುತ್ತಾ?

ಸ್ವಲ್ಪ ಮಟ್ಟಿಗೆ ಹೌದು. ಆದರೆ ಪೆಟ್ರೋಲಿನ ಹಾಗಲ್ಲ.

ಪ್ಯಾನೆಲ್ ಮೇಲೆ ತೆಳ್ಳನೆ ಗೆರೆಗಳು ಕಾಣುತ್ತವಲ್ಲ, ಅವು ಬೆಳ್ಳಿಯವು. ಬಿಸಿಲಿಗೆ ಸಿಲಿಕಾನ್‌ನಲ್ಲಿ ಹುಟ್ಟುವ ಕರೆಂಟನ್ನು ಹೊರಗೆ ತರುವುದು ಅವೇ. ಪ್ಯಾನೆಲ್‌ಗೆ ಹೆಚ್ಚುಕಮ್ಮಿ 10 ಗ್ರಾಂ ಎಂದಿಟ್ಟುಕೊಳ್ಳಿ. ಮೂರು ಕಿಲೋವ್ಯಾಟ್‌ಗೆ ಬೇಕಾಗುವ ಪ್ಯಾನೆಲ್‌ಗಳೆಲ್ಲ ಸೇರಿ ಒಂದು ಜೊತೆ ಕಾಲುಚೈನಿನಷ್ಟು ಆಯಿತು. ಕೆ.ಜಿ.ಗೆ 2 ಲಕ್ಷ ಅಂತ ಹಿಡಿದರೂ ಪ್ಯಾನೆಲ್‌ಗೆ 2,000 ರೂಪಾಯಿ. ಚಿಲ್ಲರೆ ಕಾಸಲ್ಲ, ಆದರೆ ಯೋಚನೆ ಕೈಬಿಡುವಷ್ಟೂ ಅಲ್ಲ.

ಜಗತ್ತಿನ ಲೆಕ್ಕವೇ ಬೇರೆ. 2024ರಲ್ಲಿ ಸೋಲಾರ್ ಒಂದಕ್ಕೇ ಸುಮಾರು 6,000 ಟನ್ ಬೆಳ್ಳಿ ಹೋಯಿತು. 2021ರಿಂದ ಪೂರೈಕೆ ಬೇಡಿಕೆಗೆ ಸಾಲುತ್ತಿಲ್ಲ. ಬೆಲೆ ಏರಿದರೆ ಜಾಸ್ತಿ ಅಗೆಯಬಹುದಲ್ವಾ? ತೊಡಕು ಇರುವುದೇ ಇಲ್ಲಿ. ಬೆಳ್ಳಿಗೆಂದೇ ಇರುವ ಗಣಿಗಳು ಕಡಿಮೆ. ಹೆಚ್ಚಿನ ಪಾಲು ಸತು, ಸೀಸ, ತಾಮ್ರ, ಚಿನ್ನದ ಅದಿರಿನ ಜೊತೆಗೆ ಬರುತ್ತದೆ. ನಮ್ಮ ದೇಶದ ಬೆಳ್ಳಿಯೂ ಬಹುತೇಕ ರಾಜಸ್ಥಾನದ ಸತು-ಸೀಸದ ಗಣಿಗಳದ್ದು. ಅದು ಸಾಲದೆ ಸಾವಿರಾರು ಟನ್ ತರಿಸಿಕೊಳ್ಳುತ್ತೇವೆ. ಸತುವಿಗೆ ಗಿರಾಕಿ ಇಲ್ಲದಿದ್ದರೆ, ಬೆಳ್ಳಿ ಎಷ್ಟೇ ದುಬಾರಿಯಾದರೂ ಗಣಿಯವರು ಅವಸರ ಮಾಡುವುದಿಲ್ಲ. ಹೊಸ ಗಣಿ ತೆರೆಯಲು ವರ್ಷಗಟ್ಟಲೆ ಬೇಕು.

ಬದಲಿಗೆ ತಾಮ್ರ? ಅಗ್ಗ ನಿಜ. ಆದರೆ ಬೇಗ ಕಿಲುಬು ಹಿಡಿಯುತ್ತದೆ, ಸಿಲಿಕಾನ್ ಒಳಗೆ ಇಳಿದು ಸೆಲ್ (ಪ್ಯಾನೆಲ್ಲಿನಲ್ಲಿ ಕರೆಂಟು ಹುಟ್ಟುವ ಬಿಲ್ಲೆ) ಕೆಡಿಸುತ್ತದೆ. ಅದನ್ನು ತಡೆಯುವ ಪದರ ಹಾಕಿ ತಾಮ್ರ ಬಳಸುವ ಕೆಲಸ ಕಂಪನಿಗಳಲ್ಲಿ ನಡೆದಿದೆ.

ಈಗ ಪೆಟ್ರೋಲಿನ ಮಾತು. ಅದು ಉರಿದು ಖಾಲಿಯಾದಂತೆ ಮತ್ತೆ ತರಿಸುತ್ತಲೇ ಇರಬೇಕು. ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬರುತ್ತಲೇ ಇರಬೇಕು. ನಮ್ಮ ಶಿವನಸಮುದ್ರಕ್ಕೆ ಕಾವೇರಿ ನೀರು ಹರಿಯುತ್ತಲೇ ಇರಬೇಕು. (1902ರಲ್ಲಿ ಅಲ್ಲಿಂದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಆಗ ಚಿನ್ನ ತೆಗೆಯಲು ಕರೆಂಟು ಬೇಕಿತ್ತು, ಈಗ ಕರೆಂಟಿಗೆ ಬೆಳ್ಳಿ ಬೇಕು!) ಪ್ಯಾನೆಲ್ಲಿನ ಬೆಳ್ಳಿ ಹಾಗೆ ಉರಿದು ಖಾಲಿಯಾಗುವುದಿಲ್ಲ. ನಾಳೆ ಆಮದು ಪೂರ್ತಿ ನಿಂತರೂ ಹಾಕಿಸಿದ ಪ್ಯಾನೆಲ್ 25 ವರ್ಷ ದುಡಿಯುತ್ತದೆ. ಪೆಟ್ಟು ಬೀಳುವುದು ಹೊಸದಾಗಿ ಹಾಕಿಸುವವರಿಗೆ.

ನನ್ನನ್ನು ಕೇಳಿದರೆ, ಬೆಳ್ಳಿಗಿಂತ ದೊಡ್ಡ ತಲೆನೋವು ಕಾರ್ಖಾನೆಗಳದ್ದು. ಪ್ಯಾನೆಲ್ ತಯಾರಿಕೆಯ ಒಂದೊಂದು ಹಂತದಲ್ಲೂ ಚೀನಾದ ಪಾಲು ಶೇ. 80 ದಾಟಿದೆ. ಅದಕ್ಕೇ ಮನೆ ಮೇಲಿನ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್ ಸಹಾಯಧನ, ಅಂದರೆ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ, ಬೇಕಿದ್ದರೆ ಸೆಲ್ ಮತ್ತು ಪ್ಯಾನೆಲ್ ಎರಡೂ ಭಾರತದಲ್ಲೇ ತಯಾರಾಗಿರಬೇಕು. ಬೆಳ್ಳಿ ಇಳಿಯಲಿ ಅಂತ ಸುಮ್ನೆ ಕಾಯಬೇಡಿ. ಹಾಕುವವರು ಕೊಟೇಶನ್ ಕೊಡುವಾಗಲೇ ಸೆಲ್ ಎಲ್ಲಿಯದು ಎಂದು ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ.